ಮಸಣದ ಮುಂದೆ ಹಾಡಿದವರು

ಕಾಶಿಗೆ ಹೋಗಿ ಬಂದವರು ಗಂಗೆಯ ಗಿಂಡಿಯನ್ನೂ ಕಾಶೀದಾರವನ್ನೂ ತಂದು ಹಂಚುವುದು ನಮ್ಮವರಲ್ಲಿ ರೂಢಿ. ನಾವೂ ತಂದಿದ್ದೇವೆ. ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ, ಬೇಕಾದವರು ತೆಗೆದುಕೊಂಡು ಹೋಗಬಹುದು. ಆದರೆ ಅಲ್ಲಿ ಒಂದು ರಾತ್ರಿ ಕಂಡದ್ದು ಗಿಂಡಿಯಲ್ಲಿ ತುಂಬಿ ಕೊಡುವಂಥದಲ್ಲ. ಬಂದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಹಾಗಾಗಿ ಸಂಪಾದಕರನ್ನು ಕಾಡಿ ಈ ಪುಟಗಳನ್ನು ಪಡೆದಿದ್ದೇವೆ.

ನಾವು ಹೋದದ್ದು ನಮ್ಮ ಸೋದರತ್ತೆಯ ಅಸ್ಥಿಯನ್ನು ಗಂಗೆಗೆ ಬಿಡಲು. ದಿಲ್ಲಿಯಿಂದ ಕಾಶಿ ಒಂದು ರಾತ್ರಿಯ ರೈಲು. ಯುಗಾದಿಯ ಬೇವುಬೆಲ್ಲ ಇಲ್ಲೇ ತಿಂದು, ಆರನೆಯ ದಿನಕ್ಕೆ ಕಾಶಿ ಸೇರಿ, ಹನುಮಾನ್ ಘಾಟಿನ ಬಳಿ ನಮ್ಮ ಕರ್ನಾಟಕದ ಛತ್ರದಲ್ಲಿ ಇಳಿದೆವು. ನಾವು, ನಮ್ಮ ಮನೆಯವರು, ಅತ್ತೆಯ ಮಗಳು ಮತ್ತು ಅವರ ಯಜಮಾನರು, ಒಟ್ಟು ನಾಲ್ವರು. ಮರುದಿನ ಸಂಜೆ ದೋಣಿಯವನೊಡನೆ ಚೌಕಾಸಿ ಮಾಡುತ್ತಿದ್ದಾಗ ಅವನು, "ನಾಳೆ ಬೆಳಗ್ಗೆ ಬನ್ನಿ, ಇವತ್ತು ರಾತ್ರಿ ಮಣಿಕರ್ಣಿಕೆಯಲ್ಲಿ ಬಾಬಾನ ಮುಂದೆ ನಾಚ್ ಇದೆ, ನಾನು ಅಲ್ಲೇ ಇರುತ್ತೇನೆ" ಎಂದ. ಮಸಣದಲ್ಲಿ ನಾಚ್ ಎಂದರೆ ಇವನು ನಮ್ಮನ್ನು ಹಾಸ್ಯ ಮಾಡುತ್ತಿದ್ದಾನೆಂದೇ ಭಾವಿಸಿದೆವು.

ಮಣಿಕರ್ಣಿಕೆಯ ವಿಚಾರ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಶಿವನ ಕಿವಿಯ ಮಣಿ ಬಿದ್ದ ಜಾಗ, ಸತ್ತವರ ಕಿವಿಯಲ್ಲಿ ಅವನೇ ತಾರಕಮಂತ್ರ ಉಸುರುತ್ತಾನೆಂಬ ಜಾಗ, ಹಗಲೂ ಇರುಳೂ ಚಿತೆ ಆರದ ಜಾಗ. ಅದರ ಮಗ್ಗುಲಲ್ಲೇ ಮಸಾನನಾಥನ, ಅಂದರೆ ಮಹಾಶ್ಮಶಾನನಾಥನ, ಚಿಕ್ಕ ಗುಡಿ. ಚೈತ್ರದ ನವರಾತ್ರಿಯಲ್ಲಿ ಅವನಿಗೆ ಮೂರು ದಿನದ ಉತ್ಸವ. ಕೊನೆಯ ರಾತ್ರಿ, ಸಪ್ತಮಿಯಂದು, ಅಲ್ಲಿನವರು ನಗರವಧು ಎಂದು ಕರೆಯುವ ಹೆಂಗಸರು ಬಂದು ಅವನ ಮುಂದೆ ಹಾಡಿ ಕುಣಿಯುತ್ತಾರೆ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ ಯುಗಾದಿಯಿಂದ ಏಳನೆಯ ದಿನ.

ರಾತ್ರಿ ಊಟ ಮುಗಿಸಿ ನಾವು ಮತ್ತು ಅತ್ತೆಯ ಅಳಿಯ ಇಬ್ಬರೇ ಹೊರಟೆವು. ಅತ್ತೆಯ ಮಗಳು, "ನಾನೇಕೆ ಬರಬಾರದು? ಕುಣಿಯುವವರು ಹೆಂಗಸರೇ ತಾನೆ?" ಎಂದು ಹಿಂದೆಯೇ ಬಂದರು. ಓಣಿಗಳಲ್ಲಿ ಕಟ್ಟಿಗೆಯ ರಾಶಿಗಳ ನಡುವೆ ನುಸುಳಿ ಮೆಟ್ಟಿಲ ತಲೆಗೆ ಬಂದಾಗ ಎಡಕ್ಕೆ ನಾಲ್ಕೈದು ಚಿತೆ ಉರಿಯುತ್ತಿದ್ದವು, ಬಲಕ್ಕೆ ಬಣ್ಣದ ದೀಪ, ಧ್ವನಿವರ್ಧಕ, ಜನಜಂಗುಳಿ. ಮೊದಲು ಆ ಹೆಂಗಸರು ಒಬ್ಬೊಬ್ಬರಾಗಿ ಗುಡಿಯೊಳಗೆ ಹೋಗಿ ಕೈಮುಗಿದು ಭಜನೆ ಹಾಡಿದರು. ಆಮೇಲೆ ಗೆಜ್ಜೆ. ಸತ್ಯ ಹೇಳಬೇಕೆಂದರೆ ಸಂಗೀತವೇನೂ ಉತ್ತಮವಾಗಿರಲಿಲ್ಲ. ಸಿನಿಮಾ ಧಾಟಿ, ಭೋಜಪುರಿ ಹಾಡು, ಕಿವಿ ಒಡೆಯುವ ತಬಲಾ. ಗಂಡಸರು ನೋಟು ಎಸೆಯುತ್ತಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನಮಗೆ ನಾಚಿಕೆಯಾಗಿ ಹಿಂದಿರುಗೋಣವೆಂದೆವು. ಅತ್ತೆಯ ಮಗಳು ಕದಲಲಿಲ್ಲ. ಆಕೆಗೆ ಕಂಡದ್ದು ನೋಟು ಎಸೆಯುವವರಲ್ಲ. ಒಬ್ಬಾಕೆ, ವಯಸ್ಸು ನಲವತ್ತು ದಾಟಿದ್ದೀತು, ತನ್ನ ಸರದಿ ಮುಗಿದ ಮೇಲೆ ಗುಡಿಯ ಕಂಬಕ್ಕೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದಳು. ಮುಂದಿನ ಜನ್ಮದಲ್ಲಿ ಈ ಬಾಳು ಬೇಡವೆಂದು ಬೇಡಿಕೊಳ್ಳುವುದು ಅಲ್ಲಿನ ಪದ್ಧತಿಯೆಂದು ಪಕ್ಕದ ಚಹಾದವನು ಹೇಳಿದ.

ಈ ಪದ್ಧತಿಗೆ ಒಂದು ಐತಿಹ್ಯವಿದೆ. ಅಕ್ಬರನ ಸೇನಾಪತಿ, ಅಂಬೇರಿನ ರಾಜಾ ಮಾನಸಿಂಹ ಕಾಶಿಯಲ್ಲಿ ಗುಡಿ ಕಟ್ಟಿಸಿದವನು. ಮಾನ್‌ಮಂದಿರ್ ಘಾಟಿನ ಅರಮನೆ ಅವನದೇ. ಅವನು ಮಸಾನನಾಥನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿ, ಆ ಸಂದರ್ಭಕ್ಕೆ ಸಂಗೀತ ಸೇವೆ ಆಗಬೇಕೆಂದು ಊರಿನ ಕಲಾವಿದರಿಗೆಲ್ಲ ಹೇಳಿಕಳಿಸಿದನಂತೆ. ಸುಡುಗಾಡಿನಲ್ಲಿ ಹಾಡಲು ಯಾವ ದೊಡ್ಡ ಗವಾಯಿಯೂ ಒಪ್ಪಲಿಲ್ಲ. ಆಗ ಊರಿನ ನಗರವಧುಗಳು, ಅಪ್ಪಣೆಯಾದರೆ ನಾವು ಬರುತ್ತೇವೆ ಎಂದರು. ಬಂದರು. ಅಂದಿನಿಂದ ಬರುತ್ತಲೇ ಇದ್ದಾರೆ. ಇದಕ್ಕೆ ಶಾಸನದ ಆಧಾರ ಕೇಳಬಾರದು, ಇದು ಬಾಯಿಂದ ಬಾಯಿಗೆ ಬಂದ ಮಾತು. ಆದರೆ ಐತಿಹ್ಯಗಳು ಊರಿನ ಮನಸ್ಸನ್ನು ಶಾಸನಕ್ಕಿಂತ ಚೆನ್ನಾಗಿ ಹೇಳುತ್ತವೆ. ಬೇರೆ ಯಾರೂ ಬಾರದ ಜಾಗಕ್ಕೆ ಮಾತ್ರ ಈ ಹೆಂಗಸರಿಗೆ ಆಹ್ವಾನ ಎಂಬುದು ಆ ಕಥೆಯ ತಿರುಳು.

ಇಲ್ಲಿ ನಮ್ಮ ಸೋದರತ್ತೆಯ ವಿಚಾರ ಒಂದೆರಡು ಮಾತು ಹೇಳಬೇಕು. ಅವರಿಗೆ ಹತ್ತು ವರ್ಷವಾಗಿದ್ದಾಗ ಊರಿನ ಒಬ್ಬ ಪಿಟೀಲು ಮೇಷ್ಟರು ಅವರ ಕಂಠ ಕೇಳಿ ತಾವಾಗಿಯೇ ಪಾಠ ಶುರುಮಾಡಿದ್ದರು. ವರ್ಣದವರೆಗೆ ಬಂದಿತ್ತು. ಒಂದು ದಿನ ಬೀದಿಯಲ್ಲಿ ಯಾರೋ ನಮ್ಮ ತಾತನನ್ನು, "ಏನು ರಾಯರೇ, ಮಗಳನ್ನು ಮೇಳಕ್ಕೆ ಸೇರಿಸುತ್ತೀರೋ?" ಎಂದು ಕೇಳಿದರು. ಪಾಠ ಅಂದಿಗೆ ನಿಂತಿತು. ಆಮೇಲೆ ಎಪ್ಪತ್ತು ವರ್ಷ ಅತ್ತೆ ಹಾಡಿದ್ದು ಒಲೆಯ ಮುಂದೆ, ತೊಟ್ಟಿಲ ಮುಂದೆ, ಆರತಿಯ ತಟ್ಟೆಯ ಹಿಂದೆ. ಆ ಬೀದಿಯ ಮಾತಿನಲ್ಲಿ ಬಂದ "ಮೇಳ" ಯಾವುದು, ಅದರಲ್ಲಿದ್ದವರು ಯಾರು, ಅವರ ಹೆಸರು ಹೇಳಿ ನಮ್ಮ ಮನೆಯ ಹುಡುಗಿಯನ್ನು ಹೆದರಿಸುವಷ್ಟು ಅವರು ಮಾಡಿದ ತಪ್ಪೇನು? ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ಕುಳಿತಾಗ ಮೊದಲ ಬಾರಿಗೆ ಈ ಪ್ರಶ್ನೆ ನಮಗೆ ಬಂತು. ನಾವು ಓದಿದ್ದು ಬಿ.ಎಸ್‌ಸಿ., ಮಾಡುವುದು ಕಡತದ ಕೆಲಸ. ಚರಿತ್ರೆ ನಮ್ಮ ವಿಷಯವಲ್ಲ. ಆದರೂ ಕಡತ ಹುಡುಕುವ ಅಭ್ಯಾಸವಿರುವುದರಿಂದ ಹುಡುಕಿದೆವು.

ಮೊದಲು ನಮ್ಮ ನಾಡಿನದೇ ಒಂದು ಹಳೆಯ ಕಡತ. ಬಾದಾಮಿಯ ಹತ್ತಿರ ಮಹಾಕೂಟಕ್ಕೆ ಹೋದವರು ಉಂಟು, ಅಲ್ಲಿನ ಕೊಳದಲ್ಲಿ ಮಿಂದವರೂ ಉಂಟು. ಅಲ್ಲಿನ ಒಂದು ಕನ್ನಡ ಶಾಸನ ವಿನಾಪೋಟಿ ಎಂಬಾಕೆಯದು. ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696ರಿಂದ 733) ಪ್ರಾಣವಲ್ಲಭೆ ಈಕೆ. ಶಾಸನ ಯಾವ ಸಂಕೋಚವೂ ಇಲ್ಲದೆ ಆಕೆಯನ್ನು ಸೂಳೆ ಎಂದೇ ಕರೆಯುತ್ತದೆ. ತಾಯಿಯ ಹೆಸರು, ಅಜ್ಜಿಯ ಹೆಸರು ಹೇಳುತ್ತದೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟಳೆಂದು ಹೇಳುತ್ತದೆ. ಇಂದು ಬೈಗುಳವಾಗಿರುವ ಪದ ಅಂದು ಕಲ್ಲಿನಲ್ಲಿ ಕೆತ್ತಿಸಿಕೊಳ್ಳುವಂಥದಾಗಿತ್ತು. ಆಕೆ ಸ್ವಂತ ಹಣ ಕೊಟ್ಟಳು, ಹಾಗಾಗಿ ಹೆಸರು ಉಳಿಯಿತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಗ ಮತ್ತೆ ಕಾಶಿಗೆ. ದಾಲ್‌ಮಂಡಿ ಎಂಬ ಓಣಿ ವಿಶ್ವನಾಥನ ಗುಡಿಯಿಂದ ಬಹಳ ದೂರವಿಲ್ಲ. ಇಂದು ಅಲ್ಲಿ ಅಂಗಡಿಗಳ ಸಂದಣಿ. ನೂರು ವರ್ಷದ ಹಿಂದೆ ಅಲ್ಲಿನ ಮಹಡಿಗಳಲ್ಲಿ ಠುಮ್ರಿ, ಚೈತಿ, ಕಜ್ರಿ, ಟಪ್ಪಾಗಳು ಬೆಳೆದವು. ಬೆಳೆಸಿದವರು ತವಾಯಫ್ ಎಂದೂ ಬಾಯಿಜೀ ಎಂದೂ ಕರೆಸಿಕೊಂಡ ಹೆಂಗಸರು. ಹೋಳಿಯ ನಂತರದ ಬುಢವಾ ಮಂಗಳದಲ್ಲಿ ಗಂಗೆಯ ಮೇಲೆ ದೋಣಿಗಳನ್ನು ಕಟ್ಟಿ ರಾತ್ರಿಯಿಡೀ ಅವರನ್ನು ಹಾಡಿಸುತ್ತಿದ್ದರು. ಅವರು ಓದುಬರಹ ಬಲ್ಲವರು, ಆಸ್ತಿ ಇಟ್ಟುಕೊಂಡವರು, ಪ್ರತಿ ಬೈಠಕ್ಕಿಗೂ ಇಷ್ಟೆಂದು ಮಾತಾಡಿ ಹಣ ತೆಗೆದುಕೊಳ್ಳುತ್ತಿದ್ದವರು. 1921ರ ಸುಮಾರಿಗೆ, ಅಸಹಕಾರ ಚಳವಳಿಯ ದಿನಗಳಲ್ಲಿ, ಹುಸ್ನಾ ಬಾಯಿಯ ಮುಂದಾಳುತನದಲ್ಲಿ ಕಾಶಿಯ ಹಾಡುಗಾರ್ತಿಯರು ತಮ್ಮದೇ ಒಂದು ಸಭೆ ಕಟ್ಟಿಕೊಂಡರು. ವಿದೇಶಿ ಬಟ್ಟೆ ಬಿಟ್ಟರು, ದೇಶಭಕ್ತಿಯ ಹಾಡು ಹಾಡಿದರು. ದೇಶಕ್ಕೆ ಅವರ ಚಂದಾ ಬೇಕಾಗಿತ್ತು, ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ದೇಶಸೇವಕರಿಗೇ ಮುಜುಗರ.

ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ಆ ಮುಜುಗರ ನಿಯಮವೇ ಆಯಿತು. ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದ ಹೆಂಗಸರು ಆಕಾಶವಾಣಿಯಲ್ಲಿ ಹಾಡಕೂಡದೆಂಬ ಧೋರಣೆ ಬಂತು. ಗಂಡು ಕಲಾವಿದರ ಖಾಸಗಿ ಬದುಕಿನ ವಿಚಾರಣೆ ನಡೆದದ್ದು ನಮಗೆ ಎಲ್ಲೂ ಸಿಗಲಿಲ್ಲ. ಬಾಯಿಯರು ದೇವಿಯರಾದರು, ಬೇಗಂ ಆದರು. ಅಖ್ತರೀ ಬಾಯಿ ಫೈಜಾಬಾದಿ 1945ರಲ್ಲಿ ಮದುವೆಯಾಗಿ ಹಾಡು ನಿಲ್ಲಿಸಿ, ನಿಲ್ಲಿಸಿದ್ದಕ್ಕೇ ಕಾಯಿಲೆ ಬಿದ್ದು, 1949ರಲ್ಲಿ ಲಖನೌ ಬಾನುಲಿಯಲ್ಲಿ ಮತ್ತೆ ಹಾಡಿದಾಗ ಬೇಗಂ ಅಖ್ತರ್ ಆಗಿದ್ದರು. ಕಾಶಿಯ ರಸೂಲನ್ ಬಾಯಿ ಮಾತ್ರ ಬಾಯಿಯಾಗಿಯೇ ಉಳಿದರು. 1935ರ ಒಂದು ಧ್ವನಿಮುದ್ರಿಕೆಯಲ್ಲಿ ಅವರು ಹಾಡಿದ ಭೈರವಿ ಠುಮ್ರಿಯಲ್ಲಿ ಹೆಣ್ಣಿನ ಎದೆಯ ಹರೆಯವನ್ನು ಹೇಳುವ ಪದವೊಂದಿತ್ತು. ಮುಂದೆ ಅದೇ ಹಾಡಿನಲ್ಲಿ ಆ ಪದ ಹೋಗಿ ಹೃದಯ ಬಂತು. ಹಾಡನ್ನೂ ಮಡಿ ಮಾಡಿ ಉಡಿಸಿದ ಕಾಲ ಅದು. 1957ರಲ್ಲಿ ಅವರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 1969ರ ಗಲಭೆಯಲ್ಲಿ ಅಹಮದಾಬಾದಿನ ಅವರ ಮನೆ ಸುಟ್ಟುಹೋಯಿತು. 1974ರಲ್ಲಿ ತೀರಿಕೊಂಡರು.

ಸಿದ್ಧೇಶ್ವರೀ ದೇವಿಯವರಿಗೆ (1908ರಿಂದ 1977) ಅಷ್ಟು ಕಷ್ಟವಾಗಲಿಲ್ಲ. 1960ರ ದಶಕದಲ್ಲಿ ನಮ್ಮ ದಿಲ್ಲಿಗೇ ಬಂದು ಭಾರತೀಯ ಕಲಾ ಕೇಂದ್ರದಲ್ಲಿ ಪಾಠ ಹೇಳಿದರು. ಸಂಘದ ಹಿರಿಯರಲ್ಲಿ ಅವರ ಕಛೇರಿ ಕೇಳಿದವರು ಇನ್ನೂ ಇರಬಹುದು. ಗಿರಿಜಾ ದೇವಿಯವರು ಬಾಯಿಯರ ಮನೆತನದವರಲ್ಲ, ಜಮೀನುದಾರರ ಮಗಳು. ಅವರಿಗೂ ತಾಯಿ, ಅಜ್ಜಿಯರ ವಿರೋಧ. 1946ರಲ್ಲಿ ಮದುವೆಯಾದ ಮೇಲೆ, ಖಾಸಗಿ ಬೈಠಕ್ಕುಗಳಲ್ಲಿ ಹಾಡುವುದಿಲ್ಲವೆಂಬ ಮಾತಿನ ಮೇಲೆ ಸಂಗೀತ ಮುಂದುವರಿಯಿತು. 1949ರಲ್ಲಿ ಅಲಹಾಬಾದ್ ಬಾನುಲಿಯಲ್ಲಿ ಮೊದಲು ಹಾಡಿದರು. 2016ರಲ್ಲಿ ಪದ್ಮವಿಭೂಷಣ. 2017ರ ಅಕ್ಟೋಬರ್ 24ರಂದು ಕಲ್ಕತ್ತೆಯಲ್ಲಿ ತೀರಿಕೊಂಡಾಗ ದೇಹವನ್ನು ಕಾಶಿಗೆ ತಂದು, ಸರ್ಕಾರಿ ಮರ್ಯಾದೆಯೊಡನೆ, ಇದೇ ಮಣಿಕರ್ಣಿಕೆಯಲ್ಲಿ ದಹನ ಮಾಡಿದರು.

ಕಾಶಿಯ ಈ ದಾರಿ ನಮ್ಮ ಮೈಸೂರಿಗೂ ಒಮ್ಮೆ ಬಂದಿತ್ತು. ಗೌಹರ್ ಜಾನ್ ಹೆಸರು ಕೇಳದವರು ವಿರಳ. 1873ರಲ್ಲಿ ಅಜಂಗಢದಲ್ಲಿ ಹುಟ್ಟಿದಾಗ ಆಕೆ ಏಂಜಲೀನಾ ಎಂಬ ಕ್ರೈಸ್ತ ಮಗು. ತಂದೆ ಬಿಟ್ಟುಹೋದ ಮೇಲೆ ತಾಯಿ 1881ರಲ್ಲಿ ಮಗಳೊಡನೆ ಕಾಶಿಗೆ ಬಂದು, ಮುಸಲ್ಮಾನಳಾಗಿ, ಮಲ್ಕಾ ಜಾನ್ ಆದಳು, ಮಗಳು ಗೌಹರ್. ಮುಂದೆ ಕಲ್ಕತ್ತೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಸಾಹೇಬ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಮಾಡಿಕೊಂಡಾಗ ಅವನ ಮುಖ್ಯ ಗಾಯಕಿ ಈಕೆ. ಆಗ ವಿದ್ಯುತ್ ಮೈಕು ಇಲ್ಲ. ತುತ್ತೂರಿಯಂಥ ಕೊಳವೆಯ ಮುಂದೆ ನಿಂತು ಹಾಡಿದರೆ ಕಂಠದ ಗಾಳಿಯ ಒತ್ತಡವೇ ಒಂದು ತೆಳುಪೊರೆಯನ್ನು ಅದುರಿಸಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯಬೇಕು. ಪಿಸುದನಿಯವರಿಗೆ ಅಲ್ಲಿ ಕೆಲಸವಿಲ್ಲ. ಮೂರು ನಿಮಿಷಕ್ಕೆ ರಾಗವನ್ನು ಮಡಿಸಿ ಇಡಬೇಕು. ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು, ಯಾಕೆಂದರೆ ತಟ್ಟೆ ಅಚ್ಚಾಗುವುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಚೀಟಿ ಅಂಟಿಸಲು ಹೆಸರು ಗೊತ್ತಾಗಬೇಕು. ಪದಾರ್ಥ ವಿಜ್ಞಾನ ಓದಿದ ನಮಗೆ ಇದು ಬಹಳ ಸೊಗಸಾಗಿ ಕಂಡಿತು. ತನ್ನ ಹೆಸರನ್ನು ತಾನೇ ಕೂಗಿ ಮೇಣದಲ್ಲಿ ಕೊರೆಸಿದ ಹೆಣ್ಣು. ವಿನಾಪೋಟಿ ಕಲ್ಲಿನಲ್ಲಿ ಮಾಡಿಸಿದ್ದನ್ನು ಈಕೆ ಮೇಣದಲ್ಲಿ ಮಾಡಿದಳು. ದೊಡ್ಡ ಗವಾಯಿಗಳು ಈ ಯಂತ್ರದ ಮುಂದೆ ಹಾಡಲು ಹಿಂಜರಿದ ಕಾಲದಲ್ಲಿ ಬಂದವರು ಇಂಥ ಹೆಂಗಸರೇ. ಮಣಿಕರ್ಣಿಕೆಯ ಕಥೆಯೇ ಮತ್ತೆ!

ಆದರೆ ದುಡಿದ ದುಡ್ಡು ಉಳಿಯಲಿಲ್ಲ. ಹತ್ತಿರದವರೊಡನೆ ವ್ಯಾಜ್ಯ, ಕೋರ್ಟು. ಕೊನೆಗೆ 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. ತಿಂಗಳಿಗೆ 500 ರೂಪಾಯಿ, ಇರಲು ಮನೆ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ನಮ್ಮವರ ನಡುವೆ ಆಕೆ ತೀರಿಕೊಂಡಳು. ಆ ಸಂಬಳ ಒಬ್ಬ ದೊರೆಯ ಔದಾರ್ಯ. ಔದಾರ್ಯ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ದೊರೆಯ ಮರ್ಜಿ ಇಲ್ಲದ ಕಡೆ ಏನು ಮಾಡಬೇಕು? ಇದಕ್ಕೆ ಉತ್ತರ ಕೊಟ್ಟವರು ಮೈಸೂರಿನಿಂದ ಇಪ್ಪತ್ತೈದು ಕಿಲೋಮೀಟರು ಮೀರದ ನಂಜನಗೂಡಿನಲ್ಲಿ ಹುಟ್ಟಿದ ಇನ್ನೊಬ್ಬಾಕೆ.

ಬೆಂಗಳೂರು ನಾಗರತ್ನಮ್ಮನವರು ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ, ದೇವದಾಸಿ ಮನೆತನ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸಂಸ್ಕೃತ, ಸಂಗೀತಗಳ ಪಾಠ. ಆಮೇಲೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತ. ಮುನಿಸ್ವಾಮಪ್ಪನವರದು ವಾಲಾಜಪೇಟೆಯ ಮೂಲಕ ತ್ಯಾಗರಾಜರಿಗೆ ಸೇರುವ ಶಿಷ್ಯಪರಂಪರೆ. ಮುಂದೆ ಮದರಾಸಿಗೆ ಹೋಗಿ ನೆಲೆಸಿ ಹೆಸರು ಮಾಡಿದರು, ಹಣವನ್ನೂ ಮಾಡಿದರು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎನ್ನುತ್ತಾರೆ. ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಇದು ಯಾವ ಬಿರುದಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ತೆರಿಗೆ ಕಟ್ಟುವುದೆಂದರೆ, ಇದು ನನ್ನ ದುಡಿಮೆ, ಇಷ್ಟು ನನ್ನ ಆದಾಯ ಎಂದು ಬರೆದು ಸಹಿ ಹಾಕುವುದು.

1910ರಲ್ಲಿ ಅವರು ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಬರೆದವಳೂ ಪ್ರಕಟಿಸಿದವಳೂ ಅದೇ ಕುಲದವರು. ಗಂಡಸರು ಬರೆದರೆ ಶೃಂಗಾರ, ಹೆಂಗಸು ಬರೆದರೆ ಅಶ್ಲೀಲ ಎಂದು ಗದ್ದಲವಾಗಿ ಮರುವರ್ಷ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ನಾವು ಹೇಳಬೇಕೆಂದಿರುವುದು ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ. ತ್ಯಾಗರಾಜರು 1847ರಲ್ಲಿ ತಿರುವಯ್ಯಾರಿನಲ್ಲಿ ಸನ್ಯಾಸ ಪಡೆದು ದೇಹ ಬಿಟ್ಟರು. ಕಾವೇರಿಯ ದಡದಲ್ಲಿ ಸಮಾಧಿ ಮಾಡಿದರು. ಅದೂ ಒಂದು ಮಸಣದ ದಡವೇ ಎಂಬುದನ್ನು ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅಲ್ಲಿ ಪೊದೆ ಬೆಳೆದಿತ್ತು. ವರ್ಷಕ್ಕೊಮ್ಮೆ ಆರಾಧನೆ ನಡೆಸುತ್ತಿದ್ದ ವಿದ್ವಾಂಸರು ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ, ಎಂದು ಎರಡಾಗಿ ಜಗಳವಾಡುತ್ತಿದ್ದರು. ನಾಗರತ್ನಮ್ಮನವರು ಸಮಾಧಿಯ ದುಃಸ್ಥಿತಿ ತಿಳಿದು, ಅಲ್ಲಿಗೆ ಹೋಗಿ, ನೆಲಕ್ಕಾಗಿ ಓಡಾಡಿ, ಆಭರಣ ಮಾರಿ, 1921ರಲ್ಲಿ ಗುಡಿಯ ಕೆಲಸ ಹಿಡಿಸಿದರು. 1926ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ಇಂದು ತಿರುವಯ್ಯಾರಿನಲ್ಲಿ ಪಂಚರತ್ನ ಕೀರ್ತನೆ ಹಾಡಲು ಹೋಗುವ ಸಾವಿರಾರು ಮಂದಿ ಕೈಮುಗಿಯುವುದು ಆ ಗುಡಿಗೆ.

ಗುಡಿಯೇನೋ ಆಯಿತು. ಆರಾಧನೆಯ ದಿನ ಅದರ ಮುಂದೆ ಹಾಡಲು ಕಟ್ಟಿಸಿದಾಕೆಗೆ ಅವಕಾಶವಿಲ್ಲ! ಎರಡು ಪಕ್ಷಗಳಿಗೂ ಬೇರೆ ಎಲ್ಲದರಲ್ಲಿ ಭಿನ್ನಾಭಿಪ್ರಾಯ, ಹೆಂಗಸರು ಹಾಡಬಾರದೆಂಬುದರಲ್ಲಿ ಮಾತ್ರ ಒಮ್ಮತ. ನಾಗರತ್ನಮ್ಮನವರು ಅತ್ತುಕೊಂಡು ಮದರಾಸಿಗೆ ಹಿಂದಿರುಗಲಿಲ್ಲ. 1927ರಲ್ಲಿ ತಮ್ಮ ಕುಲದ ಹಾಡುಗಾರ್ತಿಯರನ್ನೆಲ್ಲ ಕಲೆಹಾಕಿ, ಮುಂದೆ ಗಂಡಸರು ಹಾಡುತ್ತಿರುವಾಗಲೇ ಗುಡಿಯ ಹಿಂದೆ ಕುಳಿತು ಆರಾಧನೆ ಆರಂಭಿಸಿದರು. ಜನ ಅದನ್ನು ಪೆಣ್ಗಳ್ ಕಚ್ಚಿ, ಹೆಂಗಸರ ಪಕ್ಷ, ಎಂದರು. ಹಿಂದೆ ಕುಳಿತವರ ಸಂಗೀತ ಕೇಳಲು ಮುಂದಿನವರು ಎದ್ದು ಬರುವಷ್ಟರ ಮಟ್ಟಿಗೆ ಅದು ಬೆಳೆಯಿತೆಂದು ಊಹಿಸಲು ನಮಗೆ ಆಸೆ, ಆದರೆ ಆಸೆಯನ್ನು ಚರಿತ್ರೆ ಎನ್ನಬಾರದು. ಹದಿಮೂರು ವರ್ಷ ಹೀಗೆ ನಡೆದು, 1940ರಲ್ಲಿ ಮೂರು ಪಕ್ಷವೂ ಒಂದಾದವು. ಅಂದಿನಿಂದ ಹೆಂಗಸರೂ ಮುಂದೆ ಕುಳಿತು ಹಾಡುತ್ತಿದ್ದಾರೆ. ನಮ್ಮ ಸಂಘದಲ್ಲಿ ಪ್ರತಿ ಪುಷ್ಯದಲ್ಲಿ ಪಂಚರತ್ನ ಹಾಡುವ ಮಹಿಳೆಯರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆ? ನಮಗಂತೂ ಗೊತ್ತಿರಲಿಲ್ಲ.

ಅವರ ಉಯಿಲನ್ನು ನೆನೆದರೆ ನಮಗೆ ಮೈ ಜುಮ್ಮೆನ್ನುತ್ತದೆ. ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟುಕೊಟ್ಟರು, ಆದರೆ ಒಂದು ಷರತ್ತಿನೊಡನೆ. ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಪೂಜೆಗೂ ಸಂಗೀತಕ್ಕೂ ಅಡ್ಡಿ ಇರಕೂಡದು. ಪ್ರಶಸ್ತಿ, ಶಾಲು, ಭಾಷಣಗಳನ್ನು ಅವರು ನಂಬಲಿಲ್ಲ. ನೋಂದಾಯಿತ ಕಾಗದವನ್ನು ನಂಬಿದರು. 1952ರ ಮೇ 19ರಂದು ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಸಮಾಧಿಗೆ ಎದುರಾಗಿಯೇ ಇದೆ. ಕೈಮುಗಿದು ಕುಳಿತ ವಿಗ್ರಹ.

ಇಷ್ಟು ಹೇಳಿದ ಮೇಲೆ ಕಾನೂನಿನ ವಿಚಾರ ಬಿಟ್ಟರೆ ತಪ್ಪಾಗುತ್ತದೆ. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡಿ, 1947ರಲ್ಲಿ ಪೂರ್ಣ ನಿಷೇಧದ ಶಾಸನವಾಯಿತು. ಕರ್ನಾಟಕದ ಶಾಸನ 1982ರದು. ಮುತ್ತುಲಕ್ಷ್ಮಿಯವರ ತಾಯಿಯೇ ಆ ಕುಲದವರು. ಆ ಬಾಳಿನ ನೋವು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಹೋಗಲೇಬೇಕಾಗಿತ್ತು. ಸವದತ್ತಿಯ ಕಡೆಯವರು ಯಾರಾದರೂ ಈ ಲೇಖನ ಓದಿದರೆ, ಅದನ್ನು ನೆನೆದು ಕಣ್ಣೀರಿಡುವ ಹಳೆಯ ಕಾಲದ ಮೋಹ ನಮಗೆ ಇಲ್ಲವೆಂದು ತಿಳಿಯಬೇಕು. ಆದರೆ 1927ರಲ್ಲಿ ನಾಗರತ್ನಮ್ಮನವರೂ ಅವರ ಜೊತೆಯವರೂ ಮದರಾಸಿನಲ್ಲಿ ದೇವದಾಸಿ ಸಂಘ ಕಟ್ಟಿ ಸರ್ಕಾರಕ್ಕೆ ಬರೆದುಕೊಂಡಾಗ, ನಮ್ಮನ್ನೆಲ್ಲ ಒಂದೇ ಹೆಸರಿನಲ್ಲಿ ಕೂಡಿಹಾಕಬೇಡಿ, ನಮಗೆ ವಿದ್ಯೆ ಕೊಡಿ, ನಮ್ಮ ಕಲೆ ಉಳಿಸಿ ಎಂದಿದ್ದರು. ಅದಕ್ಕೆ ಉತ್ತರ ಬರಲಿಲ್ಲ. ಕಟ್ಟು ಬಿಚ್ಚಿದ ಕೈಯೇ ಕಸುಬನ್ನೂ ಕಿತ್ತುಕೊಂಡಿತು. ಅವರು ಇಳಿದ ವೇದಿಕೆಗೆ ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಹತ್ತಿದರು. ಹತ್ತಿದ್ದು ಒಳ್ಳೆಯದೇ. ಆದರೆ ಹತ್ತುವಾಗ, ನಾವು ದುಡ್ಡಿಗಾಗಿ ಹಾಡುವವರಲ್ಲ ಎಂಬ ಮಾತನ್ನು ಜೊತೆಗೆ ಒಯ್ದರು.

ಈ ಎರಡು ಕಾಲಗಳ ನಡುವೆ ಸೇತುವೆಯಂತೆ ನಿಂತವರು ನಮ್ಮ ಗಂಗೂಬಾಯಿ ಹಾನಗಲ್ಲರು. ಹನ್ನೊಂದರ ವಯಸ್ಸಿನಲ್ಲಿ, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯ ಎದುರು ಸ್ವಾಗತದ ಹಾಡು ಹಾಡಿದವರು. ಆ ದಿನ ಮನಸ್ಸಿನಲ್ಲಿದ್ದ ಭಯ ಹಾಡಿನದಲ್ಲ. ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಬಿಡುತ್ತಾರೇನೋ ಎಂಬುದು. ಧಾರವಾಡದ ಶುಕ್ರವಾರಪೇಟೆಯ ಬೀದಿಯಲ್ಲಿ ಗಾನೇವಾಲಿ ಎಂದು ಕೂಗಿಸಿಕೊಂಡೇ ಬೆಳೆದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಹಾಡಿ ಮನೆ ನಡೆಸಿದರು. 2002ರಲ್ಲಿ ಪದ್ಮವಿಭೂಷಣ, 2009ರಲ್ಲಿ ನಿಧನ. ಗಂಡಸಾದರೆ ಉಸ್ತಾದ, ಪಂಡಿತ. ಹೆಂಗಸು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿ ಎಂದು ಅವರು ನಗುನಗುತ್ತಲೇ ಹೇಳುತ್ತಿದ್ದುದುಂಟು.

ನಾವು ಹಿಂದೆ ವರ್ಗವಾಗಿ ಹೋಗಿದ್ದ ಒಂದು ಊರಿನ ಕನ್ನಡ ಸಂಘದಲ್ಲಿ, ಊರಿನ ಹೆಸರು ಬೇಡ, ನಮಗೆ ಖಜಾಂಚಿಯ ಕೆಲಸ ಗಂಟುಬಿದ್ದಿತ್ತು. ರಾಜ್ಯೋತ್ಸವಕ್ಕೆ ಒಬ್ಬ ಹಿರಿಯ ಗಾಯಕಿಯನ್ನು ಕರೆಸಿದ್ದರು. ಎರಡು ದಿನದ ರೈಲು ಪ್ರಯಾಣ ಮಾಡಿ ಬಂದು ಎರಡು ಗಂಟೆ ಹಾಡಿದರು. ಕಾರ್ಯಕ್ರಮವಾದ ಮೇಲೆ ನಾವು ರಶೀದಿಗಳನ್ನು ಜೋಡಿಸುತ್ತಿದ್ದೆವು: ಶಾಮಿಯಾನದವನಿಗೆ ಇಷ್ಟು, ಧ್ವನಿವರ್ಧಕದವನಿಗೆ ಇಷ್ಟು, ಅಡುಗೆಯವರಿಗೆ ಇಷ್ಟು, ತಬಲಾದವರಿಗೆ ಇಷ್ಟು. ಗಾಯಕಿಯ ಹೆಸರಿನಲ್ಲಿ ಇದ್ದದ್ದು ಶಾಲು, ಹಣ್ಣಿನ ಬುಟ್ಟಿ ಮತ್ತು ಒಂದು ಗೋಡೆ ಗಡಿಯಾರದ ರಶ್ಶೀದಿ. "ಅವರಿಗೆ ಹಣ ಕೊಟ್ಟರೆ ಬೇಜಾರಾಗುವುದಿಲ್ಲವೇ? ಒಳ್ಳೆಯ ಮನೆತನದವರು" ಎಂದು ಪದಾಧಿಕಾರಿಗಳೊಬ್ಬರು ಹೇಳಿದರು. ನಾವು ಬಾಯಿ ಮುಚ್ಚಿಕೊಂಡು ಲೆಕ್ಕಕ್ಕೆ ಸಹಿ ಹಾಕಿದೆವು. ಅಂದು ನಮ್ಮ ತಾತನ ಬೀದಿಯಲ್ಲಿ ಕೇಳಿದ ಪ್ರಶ್ನೆಯೂ ಈ ಮಾತೂ ಒಂದೇ ಗಿಡದ ಕಾಯಿ ಎಂದು ಹೊಳೆಯಲಿಲ್ಲ. ಮಣಿಕರ್ಣಿಕೆಯಲ್ಲಿ ನೋಟು ಎಸೆಯುವವರನ್ನು ಕಂಡು ನಮಗೆ ನಾಚಿಕೆಯಾಯಿತೆಂದು ಮೇಲೆ ಬರೆದಿದ್ದೇವೆ. ಅವರು ಕಡೆಗೆ ನೋಟನ್ನಾದರೂ ಎಸೆದರು.

ಸಪ್ತಮಿಯ ಮರುದಿನ ಬೆಳಗ್ಗೆ ಅತ್ತೆಯ ಅಸ್ಥಿಯೊಡನೆ ದೋಣಿ ಹತ್ತಿದೆವು. ದೋಣಿಯವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಮಣಿಕರ್ಣಿಕೆಯ ನೇರಕ್ಕೆ ನಡುಹೊಳೆಯಲ್ಲಿ ನಿಲ್ಲಿಸಿದ. ದಡದಲ್ಲಿ ಬಣ್ಣದ ದೀಪಗಳನ್ನು ಬಿಚ್ಚುತ್ತಿದ್ದರು, ಚಿತೆಗಳು ಉರಿಯುತ್ತಲೇ ಇದ್ದವು. ಪುರೋಹಿತರು ಮಂತ್ರ ಮುಗಿಸಿ, "ಬಿಡಿ" ಎಂದರು. ಅತ್ತೆಯ ಮಗಳು ಕುಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡು, ಅತ್ತೆ ಒಲೆಯ ಮುಂದೆ ಹಾಡುತ್ತಿದ್ದ ಒಂದು ದೇವರನಾಮವನ್ನು ಎತ್ತಿಕೊಂಡರು. ಪುರೋಹಿತರಿಗೆ ಇನ್ನೊಂದು ದೋಣಿಗೆ ಹೊತ್ತಾಗುತ್ತಿತ್ತು. ಆಕೆ ಪೂರ್ತಿ ಹಾಡಿಯೇ ಬಿಟ್ಟದ್ದು. ಆಕೆಗೆ ಅಷ್ಟು ಗಟ್ಟಿಯಾದ ಕಂಠವಿದೆಯೆಂದು ನಮಗೆ ಅಂದೇ ತಿಳಿದದ್ದು.

ಹಿಂದಿರುಗುವಾಗ ದೋಣಿಯವನು ಮೋಟಾರು ಶುರುಮಾಡುವ ಮುಂಚೆ ನಮ್ಮ ಕಡೆ ತಿರುಗಿ, "ದೀದಿ ಚೆನ್ನಾಗಿ ಹಾಡುತ್ತಾರೆ. ಒಂದು ಪ್ರೋಗ್ರಾಮಿಗೆ ಎಷ್ಟು ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದ.